ಕಾಫಿ ಮತ್ತು ಹೃದಯ: ಐನೂರು ವರ್ಷಗಳ ಒಂದು ವ್ಯಾಜ್ಯ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹೆಸರು ಬೇಡ, ಇದನ್ನು ಓದುವವರಲ್ಲಿ ಆತನ ಸಹಪಾಠಿಗಳೇ ಹಲವರಿದ್ದೀರಿ. ಈಗ ಆತನಿಗೆ ನಲವತ್ತಾರರ ಆಸುಪಾಸು. ಕಾಲಿಗೆ ನಮಸ್ಕರಿಸಲು ಬಾಗಿದಾಗ ಅಂಗಿಯ ಜೇಬಿನಿಂದ ಚಿಕ್ಕದೊಂದು ಪೊಟ್ಟಣ ಇಣುಕಿತು. ಆತ ಥಟ್ಟನೆ ಕೈಯಿಟ್ಟು ಅದನ್ನು ಒಳಗೆ ಒತ್ತಿದ. ನಾನು ನೋಡದವನಂತೆ ಇದ್ದುಬಿಟ್ಟೆ. ನನ್ನ ಶ್ರೀಮತಿಯವರು ಎಂದಿನಂತೆ ಕಾಫಿ ತಂದರು. ಆತ ಕೈಮುಗಿದು, "ಬೇಡಿ ಅಮ್ಮಾ, ಆಗಾಗ ಎದೆ ಡವಡವ ಅನ್ನುತ್ತೆ. ಕಾಫಿ ಹಾರ್ಟಿಗೆ ಒಳ್ಳೆಯದಲ್ಲವಂತೆ, ಬಿಟ್ಟುಬಿಟ್ಟೆ" ಎಂದ.

ಆ ಒಂದು ಮಾತು ನನ್ನನ್ನು ಸುಮಾರು ಐವತ್ತು ವರ್ಷ ಹಿಂದಕ್ಕೆ ಕೊಂಡೊಯ್ದಿತು. ಆ ದಿನ ನಾನು ಆತನಿಗೆ ಹೇಳಿದ್ದು ಸ್ವಲ್ಪ, ಹೇಳದೆ ಉಳಿದದ್ದು ಬಹಳ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಂದೆಯವರು ಮೂಡಿಗೆರೆ ಸೀಮೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಮಲೆನಾಡಿನವರಿಗೆ ಈ ಪದ ಗೊತ್ತು. ಬಯಲುಸೀಮೆಯ ಬಂಧುಗಳಿಗಾಗಿ ಹೇಳುವುದಾದರೆ, ಆಳುಗಳ ಹಾಜರಿ ಬರೆಯುವುದು, ಕೊಯ್ದ ಹಣ್ಣನ್ನು ಸಂಜೆ ಅಳೆಸಿ ಲೆಕ್ಕ ಇಡುವುದು, ಶನಿವಾರ ಬಟವಾಡೆ ಮಾಡುವುದು ಅವರ ಕೆಲಸ. ಕಾಫಿಯ ನಡುವೆಯೇ ಬದುಕಿದ ಮನುಷ್ಯ. ನಮ್ಮ ಮನೆಯಲ್ಲಿ ಬೆಳಗಾಗುವುದೇ ಬೆಲ್ಲದ ಕಾಫಿಯ ವಾಸನೆಯೊಂದಿಗೆ. 1976ರ ಚಳಿಗಾಲದಲ್ಲಿ, ನಾನು ಪಿಯುಸಿಯಲ್ಲಿದ್ದಾಗ, ಕಣದಲ್ಲಿ ನಿಂತಿದ್ದ ತಂದೆಯವರಿಗೆ ಎದೆನೋವು ಬಂದು ಕುಸಿದು ಕುಳಿತರು. ತೋಟದ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಹನ್ನೆರಡು ದಿನಗಳ ನಂತರ ಮನೆಗೆ ಕಳುಹಿಸುವಾಗ ವೈದ್ಯರು ಹೇಳಿದ ಮಾತುಗಳು ನನಗೆ ಇಂದಿಗೂ ಅಕ್ಷರಶಃ ನೆನಪಿವೆ. "ಕಾಫಿ ಬಿಡಿ. ಉಪ್ಪು ಕಡಿಮೆ ಮಾಡಿ. ಸಿಗರೇಟು ಕಡಿಮೆ ಮಾಡಿ."

ಕಾಫಿಗೆ 'ಬಿಡಿ', ಸಿಗರೇಟಿಗೆ 'ಕಡಿಮೆ ಮಾಡಿ'. ಈ ಎರಡು ಕ್ರಿಯಾಪದಗಳ ನಡುವಿನ ಅಂತರ ನನಗೆ ಅರ್ಥವಾಗಲು ಬಹಳ ವರ್ಷಗಳೇ ಬೇಕಾದವು. ತಂದೆಯವರು ಶಿಸ್ತಿನ ಮನುಷ್ಯ. ಅಂದಿನಿಂದ ಕಾಫಿಯನ್ನು ಮುಟ್ಟಲಿಲ್ಲ. ಅವರ ಎದುರಿನಲ್ಲಿ ಕುಡಿಯಬಾರದೆಂದು ಅಮ್ಮನೂ ಬಿಟ್ಟರು. ಹಿತ್ತಾಳೆಯ ಫಿಲ್ಟರು ಅಟ್ಟ ಸೇರಿತು, ಒಲೆಯ ಮೇಲೆ ಕೊತ್ತಂಬರಿ ಜೀರಿಗೆಯ ಕಷಾಯ ಬಂತು. ಸಿಗರೇಟು ಮಾತ್ರ ದಿನಕ್ಕೆ ಇಪ್ಪತ್ತರಿಂದ ಹದಿನೈದಕ್ಕೆ ಇಳಿಯಿತು. ಆ ಹದಿನೈದನ್ನು ಅಂಗಡಿಯಿಂದ ತಂದುಕೊಡುತ್ತಿದ್ದವನು ನಾನೇ.

ಇರಲಿ. ಕಾಫಿಯ ಮೇಲೆ ಹೃದಯದ್ರೋಹದ ಆರೋಪ ಬಂದದ್ದು ಹೇಗೆ, ಅದರ ವಿಚಾರಣೆ ನಡೆದದ್ದು ಹೇಗೆ ಎಂಬ ಕಥೆಗೆ ಬರೋಣ. ಇದು ಐನೂರು ವರ್ಷಗಳ ದೀರ್ಘ ವ್ಯಾಜ್ಯ.

ಕಾಫಿ ಗಿಡದ ತವರು ಇಥಿಯೋಪಿಯ. ಅದನ್ನು ಪೇಯವಾಗಿ ಬಳಕೆಗೆ ತಂದವರು ಹದಿನೈದನೆಯ ಶತಮಾನದ ಯೆಮೆನ್ ದೇಶದ ಸೂಫಿಗಳು. ರಾತ್ರಿಯ ಧ್ಯಾನಕ್ಕೆ ನಿದ್ದೆ ಅಡ್ಡಿಯಾಗದಿರಲೆಂದು ಅವರು ಇದನ್ನು ಕುಡಿಯುತ್ತಿದ್ದರು. ಅಲ್ಲಿಂದ ಮೆಕ್ಕಾ ನಗರಕ್ಕೆ ಬಂದ ಕಾಫಿ 1511ರಲ್ಲಿ ಮೊದಲ ಬಾರಿಗೆ ಕಟಕಟೆಯಲ್ಲಿ ನಿಂತಿತು. ಖೈರ್ ಬೇಗ್ ಎಂಬ ಅಧಿಕಾರಿ ವಿದ್ವಾಂಸರ ಸಭೆ ಕರೆದ. ಕಾಫಿ ದೇಹಕ್ಕೆ ಹಾನಿಕರವೆಂದು ವೈದ್ಯರು ಸಾಕ್ಷ್ಯ ನುಡಿದರು. ಕಾಫಿ ಬೀಜಗಳನ್ನು ಬೀದಿಯಲ್ಲಿ ಸುಟ್ಟರು. ಆದರೆ ಕೈರೋದಲ್ಲಿದ್ದ ಸುಲ್ತಾನನು ಆ ಸಂಪೂರ್ಣ ನಿಷೇಧವನ್ನು ಒಪ್ಪಲಿಲ್ಲ, ಮೆಕ್ಕಾದ ಜನ ಮತ್ತೆ ಕಾಫಿ ಕುಡಿದರು. ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಧಿಕಾರಿಯ ನಿಜವಾದ ಚಿಂತೆ ಕಾಫಿಯ ಸುತ್ತ ಸೇರುತ್ತಿದ್ದ ಜನರ ಗುಂಪಿನದು. ಆರೋಗ್ಯದ ಮಾತು ಅದಕ್ಕೆ ಆಧಾರವಾಗಿ ಬಂದದ್ದು. ಮುಂದೆಯೂ ಅನೇಕ ಬಾರಿ ಹೀಗೆಯೇ ಆಯಿತು. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆ 1675ರ ಡಿಸೆಂಬರಿನಲ್ಲಿ ಕಾಫಿ ಮನೆಗಳನ್ನು ಮುಚ್ಚಲು ಆಜ್ಞೆ ಹೊರಡಿಸಿ, ಜನರ ವಿರೋಧಕ್ಕೆ ಮಣಿದು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡ. ಅಲ್ಲಿ ಅವನಿಗಿದ್ದದ್ದು ರಾಜಕೀಯ ಹರಟೆಯ ಭಯ.

ಅದೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್ನಿನ ಮೋಖಾ ಬಂದರಿನಿಂದ ಏಳು ಬೀಜಗಳನ್ನು ತಂದು ನಮ್ಮ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ಆ ಏಳು ಬೀಜಗಳ ಸಂತತಿಯೆಂದು ನಂಬಿದ ಗಿಡಗಳ ಅಡಿಯಲ್ಲೇ ನಾವೆಲ್ಲ ಬೆಳೆದದ್ದು.

ಇನ್ನು ಹೃದಯದ ವಿಷಯ. ರಕ್ತವು ಹೃದಯದಿಂದ ಹೊರಟು ದೇಹವನ್ನೆಲ್ಲ ಸುತ್ತಿ ಮತ್ತೆ ಹೃದಯಕ್ಕೇ ಮರಳುತ್ತದೆ ಎಂದು 1628ರಲ್ಲಿ ಜಗತ್ತಿಗೆ ತೋರಿಸಿಕೊಟ್ಟವನು ಇಂಗ್ಲೆಂಡಿನ ವಿಲಿಯಂ ಹಾರ್ವೆ. ಒಂಬತ್ತನೆಯ ತರಗತಿಯಲ್ಲಿ ನಾನು ಈತನ ಹೆಸರನ್ನು ನಿಮ್ಮಿಂದ ಎಷ್ಟು ಸಲ ಬರೆಯಿಸಿದ್ದೇನೋ ಲೆಕ್ಕವಿಲ್ಲ. ಆಗ ಹೇಳದಿದ್ದ ಸಂಗತಿಯೊಂದನ್ನು ಈಗ ಹೇಳುತ್ತೇನೆ. ಲಂಡನ್ನಿನಲ್ಲಿ ಕಾಫಿ ಮನೆಗಳು ರೂಢಿಗೆ ಬರುವ ಮೊದಲೇ ಹಾರ್ವೆ ಮತ್ತು ಆತನ ತಮ್ಮ ಎಲಿಯಾಬ್ ಕಾಫಿ ಕುಡಿಯುತ್ತಿದ್ದರೆಂದು ಆತನನ್ನು ಬಲ್ಲ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಹೃದಯದ ಕೆಲಸವನ್ನು ಕಂಡುಹಿಡಿದ ಮನುಷ್ಯನೇ ಕಾಫಿಪ್ರಿಯ! ಆತ ಬದುಕಿದ್ದು 79 ವರ್ಷ. ಇದು ಯಾವುದಕ್ಕೂ ಪುರಾವೆಯಲ್ಲ. ಒಬ್ಬನ ಆಯುಷ್ಯವನ್ನು ನೋಡಿ ಒಂದು ಪದಾರ್ಥವನ್ನು ಹೊಗಳುವುದೂ ತಪ್ಪು, ತೆಗಳುವುದೂ ತಪ್ಪು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1679ರಲ್ಲಿ ಫ್ರಾನ್ಸಿನ ಮಾರ್ಸೆ ನಗರದಲ್ಲಿ ವೈದ್ಯ ವಿದ್ಯಾರ್ಥಿಯೊಬ್ಬ, ಕಾಫಿಯು ರಕ್ತವನ್ನು ಸುಡುತ್ತದೆ, ಪಾರ್ಶ್ವವಾಯು ತರುತ್ತದೆ ಎಂದೆಲ್ಲ ಸಭೆಯಲ್ಲಿ ವಾದಿಸಿದ. ಆಧಾರ? ಏನೂ ಇಲ್ಲ. ಕಾಫಿಯೊಳಗೆ ಇರುವುದೇನೆಂದೇ ಆಗ ಯಾರಿಗೂ ತಿಳಿದಿರಲಿಲ್ಲ.

ಅದು ತಿಳಿದದ್ದು 1819ರಲ್ಲಿ. ಈ ಪ್ರಸಂಗ ಬಹಳ ಸೊಗಸಾದದ್ದು. ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆ ಎಂಬ ಇಪ್ಪತ್ತೈದರ ಆಸುಪಾಸಿನ ಜರ್ಮನ್ ತರುಣ ವಿಷಸಸ್ಯಗಳ ಮೇಲೆ ಪ್ರಯೋಗ ಮಾಡುತ್ತಿದ್ದ. ಬೆಲ್ಲಡೋನ ಗಿಡದ ರಸದ ಹನಿಯೊಂದು ಬಿದ್ದರೆ ಕಣ್ಣಿನ ಪಾಪೆ ಹಿಗ್ಗುತ್ತದೆಂಬುದನ್ನು ಆತ ತೋರಿಸುತ್ತಿದ್ದ. ಈ ಸುದ್ದಿ ಮಹಾಕವಿ ಗಯಟೆಯ ಕಿವಿಗೆ ಬಿದ್ದು, ಯೇನಾ ನಗರದಲ್ಲಿ ತನ್ನನ್ನು ಕಾಣಬೇಕೆಂದು ಹೇಳಿಕಳುಹಿಸಿದ. ರುಂಗೆ ಎರವಲು ಕೋಟು ತೊಟ್ಟು, ಬೆಕ್ಕೊಂದನ್ನು ಕಂಕುಳಲ್ಲಿ ಇರುಕಿಕೊಂಡು ಸಂತೆಬೀದಿಯ ಮೂಲಕ ನಡೆದುಹೋದ. ಪ್ರಯೋಗವನ್ನು ಕಂಡು ಸಂತೋಷಪಟ್ಟ ಕವಿ, ಆ ಕಾಲಕ್ಕೆ ದುರ್ಲಭವಾಗಿದ್ದ ಕಾಫಿ ಬೀಜಗಳ ಒಂದು ಪೊಟ್ಟಣವನ್ನು ಆತನ ಕೈಗಿತ್ತು, ಇದರಲ್ಲಿ ಏನಿದೆಯೆಂದು ಪರೀಕ್ಷಿಸು ಎಂದ. ಸ್ವಲ್ಪ ಕಾಲದಲ್ಲೇ ರುಂಗೆ ಅದರಿಂದ ಬಿಳಿಯ ಸೂಜಿಯಂತಹ ಹರಳುಗಳನ್ನು ಬೇರ್ಪಡಿಸಿದ. ಅದೇ ಕೆಫೀನ್. 1821ರಲ್ಲಿ ಫ್ರೆಂಚ್ ರಸಾಯನಜ್ಞರೂ ಸ್ವತಂತ್ರವಾಗಿ ಅದನ್ನು ಪಡೆದರು. 1827ರಲ್ಲಿ ಚಹದಲ್ಲಿ ಸಿಕ್ಕ ವಸ್ತುವಿಗೆ 'ಥೀನ್' ಎಂದು ಬೇರೆ ಹೆಸರಿಟ್ಟಿದ್ದರು. ಎರಡೂ ಒಂದೇ ಎಂದು 1838ರಲ್ಲಿ ತಿಳಿಯಿತು. 1895ರಲ್ಲಿ ಎಮಿಲ್ ಫಿಷರ್ ಪ್ರಯೋಗಶಾಲೆಯಲ್ಲಿ ಕೆಫೀನನ್ನು ತಯಾರಿಸಿ, ಅದು ಪ್ಯೂರಿನ್ ಎಂಬ ರಾಸಾಯನಿಕ ಕುಟುಂಬಕ್ಕೆ ಸೇರಿದ್ದೆಂದು ತೋರಿಸಿದ. 1902ರ ನೊಬೆಲ್ ಪ್ರಶಸ್ತಿಯ ಹಿಂದೆ ಆತನ ಈ ಪ್ಯೂರಿನ್ ಕೆಲಸವೂ ಇದೆ.

ಇಲ್ಲಿ ಸ್ವಲ್ಪ ವಿಜ್ಞಾನದ ಪಾಠ. ಹಳೆಯ ಅಭ್ಯಾಸ, ಸಹಿಸಿಕೊಳ್ಳಿ. ಕೆಫೀನ್ ಹೃದಯವನ್ನು ಏನು ಮಾಡುತ್ತದೆಂಬುದಕ್ಕೆ ಮೊದಲ ಸುಳಿವು ದೊರೆತದ್ದು ಕೆಫೀನಿನ ಅಧ್ಯಯನದಿಂದಲ್ಲ. 1929ರಲ್ಲಿ ಕೇಂಬ್ರಿಡ್ಜಿನಲ್ಲಿ ಅಲನ್ ಡ್ರೂರಿ ಮತ್ತು ಆಲ್ಬರ್ಟ್ ಸೆಂಟ್ ಜಾರ್ಜಿ ಎಂಬಿಬ್ಬರು ಹೃದಯದ ಸ್ನಾಯುವಿನಿಂದ ತೆಗೆದ ಸಾರವನ್ನು ಪ್ರಾಣಿಗಳ ರಕ್ತಕ್ಕೆ ಸೇರಿಸಿ ನೋಡಿದರು. ಹೃದಯದ ಬಡಿತ ನಿಧಾನವಾಯಿತು. ಅದಕ್ಕೆ ಕಾರಣ ಅಡೆನೋಸಿನ್ ಗುಂಪಿನ ವಸ್ತುಗಳೆಂದು ಅವರು ತೋರಿಸಿದರು. ಅಡೆನೋಸಿನ್ ನಮ್ಮ ದೇಹದಲ್ಲೇ ಹುಟ್ಟುತ್ತದೆ. ಜೀವಕೋಶಗಳು ದುಡಿದಂತೆಲ್ಲ ಅದು ಹೆಚ್ಚುತ್ತದೆ. ಮೆದುಳಿಗೆ ಹೋಗಿ 'ಸಾಕು, ಮಲಗು' ಎನ್ನುತ್ತದೆ, ಹೃದಯಕ್ಕೆ 'ನಿಧಾನ' ಎನ್ನುತ್ತದೆ, ರಕ್ತನಾಳಗಳಿಗೆ 'ಹಿಗ್ಗು' ಎನ್ನುತ್ತದೆ.

ಇದನ್ನು ನಮ್ಮ ಶಾಲೆಯ ಉದಾಹರಣೆಯಿಂದಲೇ ಹೇಳುತ್ತೇನೆ. ಅಡೆನೋಸಿನ್ ಎಂದರೆ ಸಂಜೆ ಉದ್ದದ ಗಂಟೆ ಬಾರಿಸುವ ಜವಾನ. ಜೀವಕೋಶದ ಮೇಲಿರುವ ಗ್ರಾಹಕ ಆತನ ಸ್ಟೂಲು. ಜವಾನ ಸ್ಟೂಲಿನ ಮೇಲೆ ಕುಳಿತನೆಂದರೆ ಗಂಟೆ ಬಾರಿಸಿ ಶಾಲೆ ಬಿಡುತ್ತದೆ. ಕೆಫೀನ್ ಆಕಾರದಲ್ಲಿ ಅಡೆನೋಸಿನ್‌ನ ದಾಯಾದಿ, ಎರಡೂ ಪ್ಯೂರಿನ್ ಮನೆತನದವೇ. ಆದ್ದರಿಂದ ಅದು ನೇರವಾಗಿ ಬಂದು ಜವಾನನ ಸ್ಟೂಲಿನಲ್ಲಿ ಕುಳಿತುಬಿಡುತ್ತದೆ. ಆದರೆ ಗಂಟೆ ಬಾರಿಸುವುದಿಲ್ಲ! ಜವಾನ ಪಕ್ಕದಲ್ಲಿ ನಿಂತೇ ಇರುತ್ತಾನೆ, ತರಗತಿ ಮುಂದುವರಿಯುತ್ತದೆ. ಕೆಫೀನ್ ನಮಗೆ ಹೊಸ ಶಕ್ತಿಯನ್ನು ಕೊಡುವುದಿಲ್ಲ, ದಣಿವಿನ ಗಂಟೆ ಕೇಳಿಸದಂತೆ ಮಾಡುತ್ತದೆ, ಅಷ್ಟೆ. ಕೆಫೀನಿನ ಗುಂಪಿನ ವಸ್ತುಗಳು ಅಡೆನೋಸಿನ್‌ಗೆ ಅಡ್ಡಬರುತ್ತವೆಂಬುದು 1970ರಲ್ಲಿ ಮೆದುಳಿನ ಅಂಗಾಂಶದ ಪ್ರಯೋಗಗಳಿಂದ ಸ್ಪಷ್ಟವಾಯಿತು. ಇಂದು ಅತಿವೇಗವಾಗಿ ಬಡಿಯುವ ಕೆಲವು ಬಗೆಯ ಹೃದಯಗಳನ್ನು ಹಿಡಿತಕ್ಕೆ ತರಲು ಆಸ್ಪತ್ರೆಗಳಲ್ಲಿ ಅಡೆನೋಸಿನ್ ಚುಚ್ಚುಮದ್ದನ್ನೇ ಕೊಡುತ್ತಾರೆ. ಅಡೆನೋಸಿನ್ ಕೊಟ್ಟು ಹೃದಯದ ರಕ್ತಸಂಚಾರವನ್ನು ಪರೀಕ್ಷಿಸುವ ಮೊದಲು ಕಾಫಿ ಚಹ ಕುಡಿಯಬೇಡಿ ಎನ್ನುವುದು ಇದೇ ಕಾರಣಕ್ಕೆ.

ಈಗ ವ್ಯಾಜ್ಯಕ್ಕೆ ಮರಳೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಫಿಯ ವಿರುದ್ಧ ವ್ಯಾಪಾರಿಗಳೂ ಸಾಕ್ಷಿ ನುಡಿಯತೊಡಗಿದರು. ಜರ್ಮನಿಯ ಬ್ರೆಮೆನ್ ನಗರದಲ್ಲಿ ಲುಡ್ವಿಗ್ ರೊಸೆಲಿಯಸ್ ಎಂಬ ಕಾಫಿ ವ್ಯಾಪಾರಿಯಿದ್ದ. ಆತನ ತಂದೆ ಕಾಫಿಯ ರುಚಿ ನೋಡುವ ಕಸುಬಿನವರು. ಅವರು ತೀರಿಕೊಂಡಾಗ, ಅತಿಯಾದ ಕಾಫಿಯೇ ತಂದೆಯನ್ನು ಕೊಂದಿತೆಂದು ಮಗ ನಂಬಿದ. ಸಮುದ್ರದ ನೀರಿನಲ್ಲಿ ನೆನೆದುಹೋದ ಕಾಫಿ ಬೀಜಗಳಿಂದ ಕೆಫೀನ್ ಹೊರಹೋಗಿಯೂ ರುಚಿ ಹೆಚ್ಚಾಗಿ ಕೆಡದಿದ್ದುದನ್ನು ಕಂಡು, ಕೆಫೀನ್ ತೆಗೆದ ಕಾಫಿಯನ್ನು ಸಿದ್ಧಪಡಿಸಿ 1906ರಲ್ಲಿ ಕಾಫೆ ಹಾಗ್ ಎಂಬ ಸಂಸ್ಥೆಯನ್ನೇ ಕಟ್ಟಿದ. ಕೆಫೀನನ್ನು ತೆಗೆಯಲು ಆತ ಬಳಸಿದ ದ್ರಾವಕ ಬೆಂಜೀನ್. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತುವೆಂದು ಜಗತ್ತಿಗೆ ಮುಂದೆ ತಿಳಿಯಿತು. ಒಬ್ಬ ಮಗನ ಪಿತೃಶೋಕ ಅಲ್ಪದೋಷದ ಪದಾರ್ಥವೊಂದನ್ನು ಹೊರಹಾಕಲು ಮಹಾವಿಷವನ್ನು ಮನೆಯೊಳಗೆ ಕರೆದುತಂದಿತ್ತು. ರೊಸೆಲಿಯಸ್‌ನ ಬಗ್ಗೆ ಓದಿದಾಗ ನನಗೆ ನಗು ಬರಲಿಲ್ಲ. ತಂದೆಯ ಸಾವಿಗೆ ಒಂದು ಕಾರಣ ಬೇಕೆನಿಸುವುದು ಯಾವ ಮಗನಿಗಾದರೂ ಸಹಜ.

ಸರಿಯಾಗಿ ಪ್ರಶ್ನೆ ಕೇಳುವ ಕ್ರಮ ಬಂದದ್ದು ಇನ್ನೊಂದು ಮೊಕದ್ದಮೆಯಿಂದ. ಅಮೆರಿಕದ ಸರ್ಕಾರವು 1909ರಲ್ಲಿ ಕೋಕಾ ಕೋಲಾ ಸಂಸ್ಥೆಯ ಶರಬತ್ತಿನ ಪೀಪಾಯಿಗಳನ್ನು ಜಪ್ತಿ ಮಾಡಿ, ಅದರಲ್ಲಿನ ಕೆಫೀನ್ ಹಾನಿಕರವೆಂದು ದಾವೆ ಹೂಡಿತು. 1911ರಲ್ಲಿ ಚಟ್ಟನೂಗ ನಗರದಲ್ಲಿ ವಿಚಾರಣೆ ನಡೆಯಿತು. ಸಂಸ್ಥೆಯ ಪರವಾಗಿ ಪ್ರಯೋಗ ನಡೆಸಿದವನು ಹ್ಯಾರಿ ಹಾಲಿಂಗ್‌ವರ್ತ್ ಎಂಬ ತರುಣ ಮನಶ್ಶಾಸ್ತ್ರಜ್ಞ. ಪ್ರಯೋಗಗಳನ್ನು ನಿರ್ದೇಶಿಸಿದವಳು ಆತನ ಹೆಂಡತಿ ಲೀಟಾ. ಫಲಿತಾಂಶ ಸಂಸ್ಥೆಗೆ ವಿರುದ್ಧವಾಗಿ ಬಂದರೂ ಪ್ರಕಟಿಸುವ ಸ್ವಾತಂತ್ರ್ಯ ತನಗಿರಬೇಕೆಂದು ಆತ ಮೊದಲೇ ಕರಾರು ಮಾಡಿಕೊಂಡಿದ್ದ. 16 ಜನರಿಗೆ ಒಂದೇ ರೀತಿ ಕಾಣುವ ಗುಳಿಗೆಗಳನ್ನು ಕೊಟ್ಟರು. ಕೆಲವು ದಿನ ಅದರಲ್ಲಿ ಕೆಫೀನ್, ಕೆಲವು ದಿನ ಬರೀ ಹಾಲಿನ ಸಕ್ಕರೆ. ಯಾವ ದಿನ ಯಾವುದು ಎಂದು ನುಂಗಿದವರಿಗೂ ಗೊತ್ತಿಲ್ಲ, ಪರೀಕ್ಷೆ ಮಾಡಿದವರಿಗೂ ಗೊತ್ತಿಲ್ಲ. ಮಿತ ಪ್ರಮಾಣದ ಕೆಫೀನ್ ಬುದ್ಧಿಯ ಕೆಲಸಕ್ಕೆ ಕುಂದು ತರಲಿಲ್ಲ, ಹೆಚ್ಚಿನ ಪ್ರಮಾಣ ನಿದ್ದೆ ಕೆಡಿಸಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕೊನೆಗೆ ಸಂಸ್ಥೆ ಕೆಫೀನಿನ ಪ್ರಮಾಣವನ್ನು ಇಳಿಸುವ ರಾಜಿಯಲ್ಲಿ ಮುಗಿಯಿತು. ಆದರೆ ಅಂದು ಬಳಸಿದ ಕ್ರಮ ಉಳಿಯಿತು. ನಂಬಿಕೆಯನ್ನು ಪಕ್ಕಕ್ಕಿಟ್ಟು, ಉತ್ತರ ಗೊತ್ತಿಲ್ಲದವನ ಕೈಯಲ್ಲಿ ಪ್ರಶ್ನೆಯನ್ನು ಕೇಳಿಸುವುದು.

ಹೃದಯದ ಮಟ್ಟಿಗೆ ಈ ಪ್ರಶ್ನೆ ಭುಗಿಲೆದ್ದದ್ದು 1972 ಮತ್ತು 1973ರಲ್ಲಿ. ಬಾಸ್ಟನ್ನಿನ ಸಂಶೋಧಕರು ಆಸ್ಪತ್ರೆಗಳಲ್ಲಿದ್ದ ರೋಗಿಗಳನ್ನು ವಿಚಾರಿಸಿ, ದಿನಕ್ಕೆ ಆರು ಕಪ್ಪು ಅಥವಾ ಅದಕ್ಕಿಂತ ಹೆಚ್ಚು ಕಾಫಿ ಕುಡಿಯುವವರಲ್ಲಿ ಹೃದಯಾಘಾತದ ಸಂಭವ ಕುಡಿಯದವರಿಗಿಂತ ಸುಮಾರು ಎರಡು ಪಟ್ಟು ಎಂದು ವರದಿ ಮಾಡಿದರು. ಆ ವರದಿ ಬಂದ ಮೂರು ನಾಲ್ಕು ವರ್ಷಗಳಲ್ಲೇ ನಮ್ಮ ತಂದೆಯವರಿಗೆ 'ಕಾಫಿ ಬಿಡಿ' ಎಂದದ್ದು. ಆ ವೈದ್ಯರು ಅದನ್ನು ಓದಿದ್ದರೋ, ಕಾಲದ ಮಾತನ್ನು ಆಡಿದರೋ, ಅವರನ್ನು ನಾನು ದೂರುವುದಿಲ್ಲ.

ಆದರೆ ಈ ಅಧ್ಯಯನದಲ್ಲಿ ತೊಡಕಿತ್ತು. ಹೃದ್ರೋಗಿಗಳನ್ನು ಹೋಲಿಸಿದ್ದು ಬೇರೆ ಕಾಯಿಲೆಗಳಿಂದ ಅದೇ ಆಸ್ಪತ್ರೆಗಳಲ್ಲಿ ಮಲಗಿದ್ದವರೊಂದಿಗೆ. ಕಾಯಿಲೆಯವರಲ್ಲಿ ಎಷ್ಟೋ ಜನ ಮೊದಲೇ ಕಾಫಿಯನ್ನು ಕಡಿಮೆ ಮಾಡಿರುತ್ತಾರೆ, ಹಾಗಾಗಿ ಹೋಲಿಕೆ ಓರೆಯಾಯಿತು. ಇದನ್ನು ತೂಗಿ ನೋಡಲು ಬೇರೊಂದು ತಕ್ಕಡಿ ಸಿದ್ಧವಿತ್ತು. ಬಾಸ್ಟನ್ನಿನ ಸಮೀಪದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ 5,209 ಜನರನ್ನು, ಅವರಿಗೆ ಹೃದ್ರೋಗ ಬರುವ ಮೊದಲಿನಿಂದಲೇ, ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಬಂದಿದ್ದರು. 1974ರಲ್ಲಿ ಅಲ್ಲಿನ ಲೆಕ್ಕ ಹೊರಬಂತು. ಹೃದಯದ ರಕ್ತನಾಳಗಳ ರೋಗಕ್ಕೆ ಕಾಫಿ ಕಾರಣವೆಂದು ಕಾಣಲಿಲ್ಲ. ಹೆಚ್ಚು ಕಾಫಿ ಕುಡಿಯುವವರಲ್ಲಿ ಸಾವು ಹೆಚ್ಚೆಂದು ತೋರಿದ್ದು ನಿಜ. ಆದರೆ ಹೆಚ್ಚು ಕಾಫಿ ಕುಡಿಯುವವರೇ ಹೆಚ್ಚು ಸಿಗರೇಟು ಸೇದುವವರೂ ಆಗಿದ್ದರು. ಸಿಗರೇಟಿನ ಲೆಕ್ಕವನ್ನು ಬೇರೆ ಮಾಡಿದಾಗ ಕಾಫಿಯ ಮೇಲಿನ ಆರೋಪ ಕರಗಿಹೋಯಿತು.

ಈ ಸಂಗತಿಯನ್ನು ನಾನು ಮೊದಲು ಓದಿದ್ದು ಉಪಾಧ್ಯಾಯನಾಗಿ ಹಲವು ವರ್ಷ ಕಳೆದ ಮೇಲೆ. ಓದಿ ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಸಿಗರೇಟು. ತಂದೆಯವರು ಸಂಜೆ ಜಗಲಿಯಲ್ಲಿ ಕುಳಿತಿರುತ್ತಿದ್ದ ಚಿತ್ರವೇ ಅದು. ಕಳ್ಳನ ಜೊತೆಯಲ್ಲಿ ನಡೆದು ಬಂದವನಿಗೆ ಶಿಕ್ಷೆಯಾಗಿ, ಕಳ್ಳ ಮನೆಯೊಳಗೇ ಉಳಿದಿದ್ದ. 1981ರಲ್ಲಿ ಎರಡನೆಯ ಬಾರಿ ಎದೆನೋವು ಬಂದಾಗ ತಂದೆಯವರು ಆಸ್ಪತ್ರೆ ತಲುಪಲಿಲ್ಲ. ಅವರಿಗೆ ಆಗ 54. ಕಾಫಿ ಬಿಟ್ಟು ಐದು ವರ್ಷವಾಗಿತ್ತು. ಸಿಗರೇಟನ್ನು ಪೂರ್ತಿ ಬಿಟ್ಟಿದ್ದರೆ ಉಳಿಯುತ್ತಿದ್ದರೇ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಒಬ್ಬನ ಆಯುಷ್ಯದಿಂದ ತೀರ್ಪು ಹೇಳಬಾರದೆಂದು ನಾನೇ ಮೇಲೆ ಬರೆದಿದ್ದೇನೆ. ಆದರೆ ಅವರು ಕೊನೆಯ ಐದು ವರ್ಷ ತಮಗೆ ಪ್ರಿಯವಾದ ಒಂದು ಲೋಟ ಕಾಫಿಯನ್ನು ಬಿಟ್ಟು, ಬಿಡಬೇಕಾದ್ದನ್ನು ಬಿಡಲಿಲ್ಲವೆಂಬುದು ಮಾತ್ರ ಸತ್ಯ. ಅಂಗಡಿಗೆ ಹೋಗುತ್ತಿದ್ದ ಹುಡುಗನಿಗೆ ಇದು ತಿಳಿದಿರಲಿಲ್ಲ.

ಹಾಗಾದರೆ ಕಾಫಿ ಸಂಪೂರ್ಣ ನಿರ್ದೋಷಿಯೇ? ಹಾಗೆಂದು ಹೇಳಿದರೆ ನಾನು ಇನ್ನೊಂದು ತಪ್ಪು ಮಾಡಿದಂತೆ. ಮುಂದಿನ ಸಂಶೋಧನೆಗಳು ಅದರ ಸಣ್ಣಪುಟ್ಟ ದೋಷಗಳನ್ನೂ ನ್ಯಾಯವಾಗಿ ದಾಖಲಿಸಿವೆ. 1978ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಕಾಫಿಯ ಅಭ್ಯಾಸವಿಲ್ಲದ ಒಂಬತ್ತು ಜನ ಆರೋಗ್ಯವಂತ ತರುಣರಿಗೆ 250 ಮಿಲಿಗ್ರಾಂ ಕೆಫೀನ್ ಕೊಟ್ಟರು. ಒಂದು ಗಂಟೆಯಲ್ಲಿ ಅವರ ರಕ್ತದೊತ್ತಡದ ಮೇಲಿನ ಅಂಕೆ 14ರಷ್ಟು, ಕೆಳಗಿನ ಅಂಕೆ 10ರಷ್ಟು ಏರಿತು. ಅಡ್ರಿನಲಿನ್ ಹೆಚ್ಚಿತು. ಆದರೆ 1981ರಲ್ಲಿ ಅದೇ ತಂಡ ದಿನವೂ ಕೆಫೀನ್ ಕೊಡುತ್ತ ಹೋದಾಗ, ಕೆಲವೇ ದಿನಗಳಲ್ಲಿ ದೇಹ ಅದಕ್ಕೆ ಒಗ್ಗಿ, ಈ ಏರಿಕೆ ಬಹುಮಟ್ಟಿಗೆ ನಿಂತುಹೋಯಿತು. ದಿನವೂ ಕುಡಿಯುವವರಿಗೂ ಎಂದೋ ಒಮ್ಮೆ ಕುಡಿಯುವವರಿಗೂ ಇರುವ ವ್ಯತ್ಯಾಸ ಇದೇ.

ಇನ್ನೊಂದು ದೋಷ ಕೆಫೀನಿನದಲ್ಲ, ಕಾಫಿಯ ಎಣ್ಣೆಯದು. 1983ರಲ್ಲಿ ನಾರ್ವೆಯ ಟ್ರೋಮ್ಸೋ ನಗರದ ಅಧ್ಯಯನದಲ್ಲಿ ಹೆಚ್ಚು ಕಾಫಿ ಕುಡಿಯುವವರ ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಾಗಿ ಕಂಡಿತು. ಕಾಫಿ ಪುಡಿಯನ್ನು ನೀರಿನಲ್ಲಿ ಕುದಿಸಿ ಹಾಗೆಯೇ ಕುಡಿಯುವುದು ಅಲ್ಲಿನ ಹಳೆಯ ಪದ್ಧತಿ. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ವಸ್ತುವೇ ಇದಕ್ಕೆ ಕಾರಣ, ಕಾಗದದ ಶೋಧಕ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಮುಂದೆ ನೆದರ್ಲೆಂಡ್ಸಿನ ಸಂಶೋಧಕರು ತೋರಿಸಿದರು. ಆ ಕಾಗದದ ಶೋಧಕವನ್ನು 1908ರಲ್ಲಿ ಕಂಡುಹಿಡಿದವಳು ಡ್ರೆಸ್ಡೆನ್ನಿನ ಗೃಹಿಣಿ ಮೆಲಿಟ್ಟಾ ಬೆಂಟ್ಸ್. ಬಳಸಿದ್ದು ಮಗನ ಶಾಲಾ ಪುಸ್ತಕದ ಬ್ಲಾಟಿಂಗ್ ಕಾಗದ! ನಮ್ಮ ಹಿತ್ತಾಳೆಯ ಅಥವಾ ಸ್ಟೀಲಿನ ಫಿಲ್ಟರಿನ ತೂತುಗಳು ಎಣ್ಣೆಯನ್ನು ಕಾಗದದಷ್ಟು ತಡೆಯಲಾರವು. ಕೊಲೆಸ್ಟ್ರಾಲ್ ಹೆಚ್ಚಿರುವವರು ಇದನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ನನ್ನ ವಿದ್ಯಾರ್ಥಿ ಹೇಳಿದ ಡವಡವ. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯರು 100 ಜನ ಸ್ವಯಂಸೇವಕರ ಎದೆಗೆ ಹೃದಯದ ಮಿಡಿತವನ್ನು ದಾಖಲಿಸುವ ಪಟ್ಟಿಯನ್ನು ಅಂಟಿಸಿ, ಎರಡು ವಾರ ಪ್ರತಿದಿನವೂ 'ಇಂದು ಕಾಫಿ ಕುಡಿಯಿರಿ' ಅಥವಾ 'ಇಂದು ಬೇಡ' ಎಂದು ಚೀಟಿ ಎತ್ತಿದಂತೆ ತಿಳಿಸಿದರು. ಹೃತ್ಕರ್ಣಗಳ ಅಕಾಲ ಮಿಡಿತಗಳು ಕಾಫಿಯಿಂದ ಗಮನಾರ್ಹವಾಗಿ ಹೆಚ್ಚಲಿಲ್ಲ. ಹೃತ್ಕುಕ್ಷಿಗಳ ಅಕಾಲ ಮಿಡಿತಗಳು ಕಾಫಿಯಿಲ್ಲದ ದಿನ ಸರಾಸರಿ 102 ಇದ್ದರೆ ಕಾಫಿಯ ದಿನ 154 ಇದ್ದವು. ಕಾಫಿ ಕುಡಿದ ದಿನ ಅವರು ಸುಮಾರು ಸಾವಿರ ಹೆಜ್ಜೆ ಹೆಚ್ಚು ನಡೆದರು, 36 ನಿಮಿಷ ಕಡಿಮೆ ಮಲಗಿದರು. 2025ರ ನವೆಂಬರಿನಲ್ಲಿ ಇನ್ನೊಂದು ಅಧ್ಯಯನ ಹೊರಬಂತು. ಹೃತ್ಕರ್ಣದ ಕಂಪನವೆಂಬ ತಾಳತಪ್ಪುವ ಕಾಯಿಲೆಗೆ ವಿದ್ಯುತ್ ಚಿಕಿತ್ಸೆ ಪಡೆಯುವ, ಕಾಫಿಯ ಅಭ್ಯಾಸವಿದ್ದ 200 ಜನರಲ್ಲಿ ಅರ್ಧದಷ್ಟು ಜನಕ್ಕೆ ದಿನಕ್ಕೆ ಒಂದು ಕಪ್ಪಾದರೂ ಕುಡಿಯಿರಿ ಎಂದರು, ಉಳಿದವರಿಗೆ ಪೂರ್ತಿ ಬಿಡಿ ಎಂದರು. ಆರು ತಿಂಗಳಲ್ಲಿ ಕಾಯಿಲೆ ಮರುಕಳಿಸಿದ್ದು ಕುಡಿದವರಲ್ಲಿ ಶೇಕಡಾ 47, ಬಿಟ್ಟವರಲ್ಲಿ ಶೇಕಡಾ 64. 'ಬಿಡಿ' ಎಂಬ ಹಳೆಯ ಕ್ರಿಯಾಪದ ಅಲ್ಲಿಯೂ ನಿಲ್ಲಲಿಲ್ಲ.

ಇದರಿಂದ ಯಾರೂ ಕಾಫಿಯನ್ನು ಔಷಧವೆಂದು ಭಾವಿಸಬೇಡಿ. ಕಾಫಿ ಕುಡಿಯದವರು ಹೃದಯಕ್ಕಾಗಿ ಕುಡಿಯಲು ಆರಂಭಿಸುವ ಅಗತ್ಯವೂ ಇಲ್ಲ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಕೆಫೀನ್ ಮಿತಿಯೆಂದು ಹೇಳಿತು. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ನೀಡಿದ ಆಹಾರ ಸೂತ್ರಗಳ ಮಿತಿ 300 ಮಿಲಿಗ್ರಾಂ. ಅದರ ಪ್ರಕಾರ 150 ಮಿಲಿಲೀಟರು ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್, ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಆದ್ದರಿಂದ ನಿಮ್ಮ ಮನೆಯ ಪುಡಿಯ ಮಿಶ್ರಣದಂತೆ ನಿಮ್ಮ ಲೋಟದ ಲೆಕ್ಕ. ಕುಡಿದ ಕೆಫೀನಿನ ಅರ್ಧಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು, ಸಂಜೆಯ ಕಾಫಿ ರಾತ್ರಿಯ ನಿದ್ದೆಯನ್ನು ಕದಿಯುವುದು ಹೀಗೆ. ಹುಡುಗರು ಡಬ್ಬಿಗಟ್ಟಲೆ ಕುಡಿಯುವ ಎನರ್ಜಿ ಡ್ರಿಂಕ್‌ಗಳ ವಿಷಯವೇ ಬೇರೆ. ಲೋಟವನ್ನು ಊದಿ ಊದಿ ಕುಡಿಯುವವನಿಗೆ ಮಿತಿ ತಾನಾಗಿ ಬರುತ್ತದೆ, ತಣ್ಣನೆಯ ಡಬ್ಬಿಯನ್ನು ಗಟಗಟ ಕುಡಿಯುವವನಿಗೆ ಬರುವುದಿಲ್ಲ. ಮೊಮ್ಮಕ್ಕಳ ಮೇಲೆ ಕಣ್ಣಿಡಿ. ರಕ್ತದೊತ್ತಡ ಹತೋಟಿಗೆ ಬಾರದವರು, ಎದೆಬಡಿತ ತಾಳ ತಪ್ಪುವವರು ನನ್ನ ಲೇಖನವನ್ನು ನಂಬದೆ ವೈದ್ಯರನ್ನು ಕಾಣಿರಿ.

ಆ ಭಾನುವಾರ ನಾನು ವಿದ್ಯಾರ್ಥಿಗೆ ಹೇಳಿದ್ದು ಎರಡೇ ಮಾತು. "ಮೊದಲು ಒಂದು ಇಸಿಜಿ ಮಾಡಿಸಿಕೋ. ಕಾಫಿ ಕುಡಿದರೆ ನಿನಗೆ ಡವಡವ ಹೆಚ್ಚಾಗುತ್ತದೆಯೇ ಇಲ್ಲವೇ ಎಂದು ಒಂದು ವಾರ ಬರೆದಿಟ್ಟುಕೋ." ನಂತರ ತಂದೆಯವರ ಕಥೆಯನ್ನು ಚಿಕ್ಕದಾಗಿ ಹೇಳಿದೆ. ಆತ ತಲೆ ತಗ್ಗಿಸಿಕೊಂಡು ಕೇಳಿದ. ಕೈ ಒಮ್ಮೆ ಅಂಗಿಯ ಜೇಬಿನ ಕಡೆ ಹೋಗಿ ಬಂತು. "ಕಾಫಿ ಆರಿಹೋಗುತ್ತಪ್ಪಾ" ಎಂದು ಶ್ರೀಮತಿಯವರು ಒಳಗಿನಿಂದ ಕೂಗಿದರು. ಆತ ಲೋಟ ಎತ್ತಿಕೊಂಡ.

ಕಳೆದ ವಾರ ದೂರವಾಣಿ ಮಾಡಿದ್ದ. "ಇಸಿಜಿ ಮಾಡಿಸಿದೆ ಸಾರ್, ಭಯಪಡುವಂಥದ್ದೇನೂ ಇಲ್ಲವಂತೆ" ಎಂದ. ಜೇಬಿನ ವಿಷಯ ಏನಾಯಿತೆಂದು ನಾನು ಕೇಳಲಿಲ್ಲ. ಆತ ಇದನ್ನು ಓದುತ್ತಾನೆಂದು ಬಲ್ಲೆ.

ತಂದೆಯವರ ಹಿತ್ತಾಳೆಯ ಫಿಲ್ಟರು ಈಗ ನನ್ನ ಮನೆಯಲ್ಲಿದೆ. ತಳ ಸವೆದು ಒಂದು ಕಡೆ ಸೋರುತ್ತದೆ, ಬಳಸಲು ಬಾರದು. ಆದರೂ ಹುಣಸೆಹಣ್ಣು ಹಚ್ಚಿ ಬೆಳಗಿ ಇಟ್ಟಿದ್ದೇವೆ.